ಸಿದ್ದರಾಯನ ಹಣೆಯ ಭಂಡಾರ

ವಿಜಯಪುರ
೧೨ ಅಕ್ಟೋಬರ್ ೨೦೨೪

ರಾಚವ್ವ ಅಕ್ಕಾವರಿಗೆ ಶರಣು.

ನಾನು ಮೃಣಾಲ. ಜೋರಾಪುರ ಪೇಟೆಯವಳು, ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿರುವವಳು, ಹೊನವಾಡದ ಸಿದ್ದರಾಯ ಅವರ ಅಭಿಮಾನಿ. ಮೂರನೆಯದನ್ನೇ ಮೊದಲು ಬರೆಯಬೇಕಿತ್ತು.

ಈ ಶ್ರಾವಣದಲ್ಲಿ ಸಿದ್ದರಾಯ ಸರ್ ತೀರಿಕೊಂಡದ್ದು ನಿಮಗೆ ಗೊತ್ತೇ ಇದೆ. ಒಂದು ಕಾಲಕ್ಕೆ ಅವರ ಸೈಕಲ್ ನೋಡಲು ಇಡೀ ಜಿಲ್ಲೆ ರಸ್ತೆಯ ಎರಡೂ ಬದಿಗೆ ನಿಲ್ಲುತ್ತಿತ್ತು. ಮಣ್ಣಿಗೆ ಬಂದವರು ಅರವತ್ತು ಜನ. ಪೇಪರಿನಲ್ಲಿ ಎರಡು ಸಾಲು, ಅದರಲ್ಲಿ ಒಂದು ಅವರ ಕುಡಿತದ ಬಗ್ಗೆ. ಇದು ಅನ್ಯಾಯ. ಅನ್ಯಾಯ ಕಂಡು ಸುಮ್ಮನಿದ್ದವರೂ ಅದರಲ್ಲಿ ಪಾಲುದಾರರು ಎಂದು ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತವೆ. ನಾನು ಅದನ್ನು ನಂಬಿದವಳು.

ಅದಕ್ಕೇ ನಾವು ಅಭಿಮಾನಿಗಳು ಸೇರಿ ಬರುವ ಫೆಬ್ರುವರಿ ಎರಡರ ರವಿವಾರ ಅವರ ಹೆಸರಿನಲ್ಲಿ ರೇಸ್ ಇಟ್ಟಿದ್ದೇವೆ. ದಾರಿ ಹಳೆಯದೇ. ಬಬಲೇಶ್ವರದಿಂದ ಮಮದಾಪುರದ ಕೆರೆಯ ದಂಡೆ, ಅಲ್ಲಿಂದ ತಿರುಗಿ ಬಬಲೇಶ್ವರ. ಅಂದು ಹಂಚಲು ಒಂದು ಪುಸ್ತಿಕೆ ತರುತ್ತೇವೆ. ಬರೆಯುವ ಹೊಣೆ ನನ್ನದು.

೨೦೦೨ರ ರೇಸಿನಲ್ಲಿ ಕೆರೆಯ ದಂಡೆಯ ಮೇಲೆ ಭಂಡಾರದ ತಟ್ಟೆ ಹಿಡಿದು ನಿಂತವರು ನೀವು ಎಂದು ಬಸ್ ಕಂಡಕ್ಟರ್ ಜಾವೀದಣ್ಣ ಹೇಳಿದರು. ಕೆರೆ ಮುಟ್ಟಿದ ಗುರುತಿಗೆ ಸವಾರರ ಹಣೆಗೆ ನಿಮ್ಮೂರ ಬೀರಪ್ಪನ ಗುಡಿಯ ಆ ಭಂಡಾರದ ಅರಿಸಿನ ಹಚ್ಚುತ್ತಿದ್ದರಂತೆ, ಹಚ್ಚಿಸಿಕೊಳ್ಳದೆ ತಿರುಗಿದವನು ಸೋತಂತೆ ಲೆಕ್ಕವಂತೆ. ಆ ರೇಸ್ ಗೆದ್ದದ್ದರಿಂದಲೇ ಸಿದ್ದರಾಯ ಸರ್ ರಾಜ್ಯ ತಂಡಕ್ಕೆ ಹೋದರು. ಆ ದಿನ ನಿಮ್ಮ ಕಣ್ಣಿಗೆ ಕಂಡದ್ದನ್ನು ಬರೆದು ಕಳಿಸಿ. ಫೋನ್ ಬೇಡ. ಫೋನಿನಲ್ಲಿ ಆಡಿದ್ದನ್ನು ನಾಳೆ ಯಾರು ಬೇಕಾದರೂ ಇಲ್ಲವೆನ್ನಬಹುದು, ಕೈಬರಹ ನಿಲ್ಲುತ್ತದೆ. ಜಾವೀದಣ್ಣನ ಕೈಯಲ್ಲಿ ಕೊಟ್ಟರೆ ಟಪಾಲಿಗಿಂತ ಬೇಗ ಬರುತ್ತದೆ.

ಹೊಗಳಿಕೆ ಬೇಡ, ಪೂರ್ತಿ ಸತ್ಯ ಬೇಕು.

ಹೋರಾಟದ ನಮಸ್ಕಾರಗಳೊಂದಿಗೆ,
ಮೃಣಾಲ

*

ಮಮದಾಪುರ
೨೧ ಅಕ್ಟೋಬರ್ ೨೦೨೪

ತಂಗಿ ಮೃಣಾಲಳಿಗೆ ರಾಚವ್ವನ ಆಶೀರ್ವಾದ.

ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು. ಪುಸ್ತಕಕ್ಕೆ ಬರೆಯುವಷ್ಟು ಬಲ್ಲವಳಲ್ಲ. ಆದರೂ ಸಿದ್ದರಾಯನ ಹೆಸರು ಹೇಳಿ ಕೇಳಿದ್ದೀಯ, ಇಲ್ಲವೆನ್ನಲಾರೆ.

ಅವನು ದಿನಾ ಹೊನವಾಡದಿಂದ ಟಿಕೋಟ, ಬಬಲೇಶ್ವರ ದಾಟಿ ನಮ್ಮ ಕೆರೆಯವರೆಗೆ ಸೈಕಲ್ ತುಳಿಯುತ್ತಿದ್ದ. ದಂಡೆಯ ಮೇಲೆ ಕೂತು ನಮ್ಮವ್ವ ಕೊಟ್ಟ ರೊಟ್ಟಿ ತಿನ್ನುತ್ತಿದ್ದ. ಎಷ್ಟು ರೊಟ್ಟಿ ಎಂದು ಎಣಿಸಬಾರದು. ಅವ್ವ ಒಮ್ಮೆ "ಯಪ್ಪಾ, ನೀ ಸೈಕಲ್ ಹೊಡ್ಯಾಕ ಉಣ್ತೀಯೋ, ಉಣ್ಣಾಕ ಸೈಕಲ್ ಹೊಡೀತೀಯೋ?" ಎಂದಳು. "ಎರಡೂ ಅಲ್ಲ ಯವ್ವಾ, ನಿನ್ನ ಬೈಗಳಾ ಕೇಳಾಕ ಬರ್ತೀನಿ" ಎಂದ. ದೊಡ್ಡ ಪದಕ ಗೆದ್ದು ಬಂದ ವರ್ಷ ಅದನ್ನು ನಮ್ಮ ಟಗರಿನ ಕೊರಳಿಗೆ ಹಾಕಿ ಓಣಿಯಲ್ಲಿ ಮೆರವಣಿಗೆ ಮಾಡಿದ. ಊರೆಲ್ಲ ನಕ್ಕಿತು. ಟಗರು ಪದಕದ ದಾರ ತಿಂದಿತು.

ನನ್ನ ಮದುವೆಗೆ ಖಂಡಿತ ಬರುತ್ತೇನೆ ಎಂದವನು ಮೂರು ದಿನ ತಡವಾಗಿ, ಕುಡಿದು ಬಂದ. ಹಂದರ ಬಿಚ್ಚಿಯಾಗಿತ್ತು. ಕಟ್ಟೆಯ ಮೇಲೆ ಮಲಗಿ ಎದ್ದು, ಯಾರಿಗೂ ಮುಖ ತೋರಿಸದೆ ಹೋದ. ಅವನ ಮೇಲೆ ಸಿಟ್ಟು ಮಾಡುವುದು ಸುಲಭ, ಆದರೆ ಆ ಸಿಟ್ಟು ಬಹಳ ದಿನ ಉಳಿಯುತ್ತಿರಲಿಲ್ಲ.

೨೦೦೨ರ ದಿನ ಬಿಸಿಲು ಬಹಳ ಇತ್ತು. ನಾನು ಭಂಡಾರ ಹಚ್ಚಿದೆ. ಅವನು ಗೆದ್ದ.

ಇಂತಿ,
ರಾಚವ್ವ

*

ವಿಜಯಪುರ
೨೯ ಅಕ್ಟೋಬರ್ ೨೦೨೪

ಪ್ರೀತಿಯ ರಾಚಕ್ಕ,

ನಿಮ್ಮ ಪತ್ರವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಟಗರಿನ ಕತೆಗೆ ನಮ್ಮಪ್ಪ ನಕ್ಕು ನಕ್ಕು, "ನೀ ಬರದ ಪತ್ರಾನೂ ಓದೀನಿ ಬೇ. ಪತ್ರ ಬರದೀಯೋ, ಸ್ಟೇಜ್ ಮ್ಯಾಲ ಭಾಷಣ ಮಾಡೀಯೋ?" ಎಂದು ನನ್ನನ್ನೇ ಆಡಿಕೊಂಡರು. ಆಡಿಕೊಳ್ಳಲಿ. ಈ ಊರಿಗೆ ಭಾಷಣ ಸಾಲದೇ ಹೀಗಾಗಿದೆ.

ನಾನೂ ನನ್ನದನ್ನು ಹೇಳುತ್ತೇನೆ. ನನಗೆ ಹದಿಮೂರು ವರ್ಷವಿದ್ದಾಗ ಸರ್ ಇಲ್ಲಿ ಹುಡುಗಿಯರಿಗೆ ಸೈಕಲ್ ಕಲಿಸುತ್ತಿದ್ದರು. ನಮ್ಮ ಸಖೂಬಾಯಿ ಅತ್ತೆ ಮೈದಾನಕ್ಕೇ ಬಂದು "ಹುಡುಗ್ಯಾರು ಚಡ್ಡಿ ಹಾಕ್ಕೊಂಡು ಸೈಕಲ್ ಹೊಡದ್ರ ಯಾರು ಮಾಡ್ಕೋತಾರ್ರಿ ಲಗ್ನ?" ಎಂದು ಜಗಳ ತೆಗೆದಳು. ಸರ್ ಪೆಡಲ್ ತಿರುಗಿಸುತ್ತಲೇ "ಸೈಕಲ್ ಜೋರ್ ಹೊಡ್ಯಾವ ಯಾವನರ ಬಂದ್ರ ಮಾಡ್ಕೋತಾನ ಬಿಡ್ರಿ. ಉಳದಾವ್ರ ಕೈಗೆ ಈಕಿ ಸಿಗೂದೇ ಇಲ್ಲ" ಎಂದರು. ಅತ್ತೆಗೂ ನಗು ತಡೆಯಲಾಗಲಿಲ್ಲ.

ಎರಡು ವರ್ಷದ ಮೇಲೆ ರಾಜ್ಯಮಟ್ಟದ ರೇಸಿಗೆ ನನ್ನ ಸೈಕಲ್ ಟೆಂಪೊದಲ್ಲಿ ತರಬೇಕಾದವರು ಅವರೇ. ತರಲಿಲ್ಲ. ಎಲ್ಲೋ ಕುಡಿದು ಮಲಗಿದ್ದರು. ನಾನು ಚಡ್ಡಿ, ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಇಲ್ಲದೆ ಗೆರೆಯ ಪಕ್ಕ ನಿಂತಿದ್ದೆ. ಬಹಳ ದಿನ ಅವರೊಡನೆ ಮಾತಾಡಲಿಲ್ಲ. ಈಗ ಕ್ಷಮಿಸಿದ್ದೇನೆ. ಯಾಕೆಂದರೆ ಅವರು ಕುಡಿದರು, ಮಾತಿಗೆ ತಪ್ಪಿದರು, ಆದರೆ ರಸ್ತೆಯ ಮೇಲೆ ಒಂದು ಗೇಣು ಮೋಸ ಮಾಡಲಿಲ್ಲ. ಪುಸ್ತಿಕೆಯ ತಿರುಳೇ ಅದು.

೨೦೦೨ರ ಪುಟವನ್ನು ಹೀಗೆ ಬರೆದಿದ್ದೇನೆ, ನೋಡಿ: "ಎರಡನೆಯವನಾಗಿ ಬಂದ ಬಿಜ್ಜರಗಿಯ ಮಲ್ಲಿನಾಥ ಎಂಬಾತ ಸೋಲು ತಾಳಲಾರದೆ, ಸಿದ್ದರಾಯ ಕೆರೆ ಮುಟ್ಟಿಯೇ ಇಲ್ಲವೆಂದು ಸುಳ್ಳು ತಕರಾರು ಎತ್ತಿದ. ಹಣೆಯ ಮೇಲೆ ಭಂಡಾರ ಹೊಳೆಯುತ್ತಿರುವಾಗ ಹಾಗೆ ಆಡಿದ್ದು ದೇವರನ್ನೇ ನಿಂದಿಸಿದಂತೆ ಎಂದು ಜನ ಅವನನ್ನು ಓಡಿಸಿದರು. ಅವನು ಮತ್ತೆ ಯಾವ ರೇಸಿನಲ್ಲೂ ಕಾಣಲಿಲ್ಲ. ಹೊಟ್ಟೆಕಿಚ್ಚಿಗೆ ಸಿಗುವ ಶಿಕ್ಷೆ ಅದು."

ಭಂಡಾರ ಹಚ್ಚಿದ ಕೈ ನಿಮ್ಮದು. ಪುಟದ ಕೆಳಗೆ ಸಾಕ್ಷಿಯಾಗಿ ನಿಮ್ಮ ಹೆಸರು ಹಾಕುತ್ತೇನೆ.

ನಿಮ್ಮ ಮೃಣಾಲ

*

ಮಮದಾಪುರ
೯ ನವೆಂಬರ್ ೨೦೨೪

ತಂಗಿ ಮೃಣಾಲ,

ಮಲ್ಲಿನಾಥನ ಬಗ್ಗೆ ಬರೆದದ್ದನ್ನು ತೆಗೆದುಹಾಕು. ನನ್ನ ಹೆಸರೂ ಬೇಡ. ಟಗರಿನ ಕತೆ ಇರಲಿ.

ರಾಚವ್ವ

*

ವಿಜಯಪುರ
೧೩ ನವೆಂಬರ್ ೨೦೨೪

ರಾಚಕ್ಕ,

ನಾಲ್ಕು ಸಾಲು ಬರೆದು ಬಾಯಿ ಮುಚ್ಚಿಸಬಹುದು ಎಂದುಕೊಂಡಿರಾ? ಯಾರು ಹೆದರಿಸಿದ್ದಾರೆ ಹೇಳಿ. ಮಲ್ಲಿನಾಥನ ಕಡೆಯವರು ಬಂದಿದ್ದರೇ? ಊರ ಹಿರಿಯರೇ? ಹಳ್ಳಿಯಲ್ಲಿ ಹೆಣ್ಣುಮಗಳ ಸಾಕ್ಷಿಯನ್ನು ಹೇಗೆ ಅದುಮುತ್ತಾರೆ ಎಂದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ನಾನು ಓದಿದ್ದೇನೆ.

ನಿಮ್ಮ ಮೌನದ ಲಾಭ ಯಾರಿಗೆ? ಸುಳ್ಳು ಹೇಳಿದವನಿಗೆ. ಸತ್ತವರು ಎದ್ದು ಬಂದು ತಮ್ಮ ಪರವಾಗಿ ಮಾತಾಡಲಾರರು. ಬದುಕಿರುವ ನಾವೂ ಹೆದರಿದರೆ ಇನ್ನಾರು ಮಾತಾಡಬೇಕು? ಆ ಪುಟ ತೆಗೆಯುವುದಿಲ್ಲ. ತೆಗೆಯಬೇಕೆಂದರೆ ಕಾರಣ ಬರೆಯಿರಿ. ಸತ್ಯ ಎಷ್ಟು ಕಹಿಯಾಗಿದ್ದರೂ ನುಂಗುವ ಶಕ್ತಿ ನನಗಿದೆ.

ಮೃಣಾಲ

*

ಮಮದಾಪುರ
೩೦ ನವೆಂಬರ್ ೨೦೨೪

ತಂಗಿ,

ನನ್ನನ್ನು ಯಾರೂ ಹೆದರಿಸಿಲ್ಲ. ಬರೆದು ಹರಿದು, ಬರೆದು ಹರಿದು ಇಷ್ಟು ದಿನವಾಯಿತು. ಇದು ನಾಲ್ಕನೆಯದು.

ಆ ವರ್ಷ ಭಂಡಾರ ಹಚ್ಚಬೇಕಾದವನು ನಮ್ಮಪ್ಪ, ಗುಡಿಯ ಪೂಜಾರಿ. ಅಂದು ಜ್ವರ ಬಂದು ಮಲಗಿದ್ದ. ತಟ್ಟೆ ನನ್ನ ಕೈಗೆ ಬಂತು. ನನಗೆ ಹತ್ತೊಂಬತ್ತು. ಹೆಸರು ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಹಣೆಯೇ ದಾಖಲೆ.

ಮಲ್ಲಿನಾಥ ಮೊದಲು ಬಂದ. ಹಚ್ಚಿದೆ, ತಿರುಗಿದ. ಸಿದ್ದರಾಯ ಬರಲಿಲ್ಲ. ದಂಡೆಯ ಮೇಲಿಂದ ನೋಡಿದರೆ ಅರ್ಧ ಕಿಲೋಮೀಟರ್ ದೂರದಲ್ಲಿ ರಸ್ತೆಯ ಮೇಲೆ ಕೂತು ಚೈನು ಹಾಕುತ್ತಿದ್ದ. ಉಳಿದ ಸವಾರರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಜನವೆಲ್ಲ ಗೆಲ್ಲುವವನನ್ನು ನೋಡಲು ಬಬಲೇಶ್ವರದಲ್ಲೇ ನಿಂತಿದ್ದರು. ನಾನು ತಟ್ಟೆ ಹಿಡಿದುಕೊಂಡೇ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅವನು ಸೈಕಲ್ ಎತ್ತಿ ನಿಲ್ಲಿಸಿದ್ದ. ಹಣೆಗೆ ಹಚ್ಚಿಬಿಟ್ಟೆ.

"ಕೆರಿ ಇನ್ನೂ ಮುಂದ ಐತೆಲ್ಲ ಬೇ" ಎಂದ.

"ಭಂಡಾರ ಇಲ್ಲಿಗೇ ಬಂದೈತಿ. ತಿರುಗು" ಎಂದೆ.

ಕೆರೆಯ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ನಕ್ಕ. "ದೇವರೇ ನಡಕೋತ ಬಂದ್ರ ನಾ ಯಾಕ ಬ್ಯಾಡ ಅನ್ಲಿ?" ಎಂದು ತಿರುಗಿಸಿದ.

ಗೆದ್ದದ್ದು ಒಂದು ಗಾಲಿಯ ಅಂತರದಲ್ಲಿ. ಮಲ್ಲಿನಾಥ ತಿರುಗಿ ಬರುವಾಗ ಚೈನು ಹಾಕುತ್ತ ಕೂತವನನ್ನು, ಬೋಳು ಹಣೆಯನ್ನು ಕಣ್ಣಾರೆ ಕಂಡಿದ್ದ. ಅವನು ಹೇಳಿದ್ದು ನಿಜ.

ನೀನು ಕೇಳುವ ಮೊದಲೇ ಹೇಳುತ್ತೇನೆ, ಮದುವೆಯ ಆಸೆ ಅಲ್ಲ. ಅವನು ಗೆಲ್ಲಬೇಕು, ಅಷ್ಟೇ ಇತ್ತು. ಅದು ಮೋಸ ಎಂದೂ ನನಗೆ ಅನ್ನಿಸಲಿಲ್ಲ. ಭಂಡಾರ ಹತ್ತಿದ ಮೇಲೆ ದೇವರು ಒಪ್ಪಿದಂತೆ ಎಂದು ಅಪ್ಪ ಕಲಿಸಿದ್ದ. ದೇವರ ಕೃಪೆಯನ್ನು ಅರ್ಧ ಕಿಲೋಮೀಟರ್ ಮುಂದೆ ಒಯ್ದರೆ ತಪ್ಪೇನು ಎಂದುಕೊಂಡೆ. ಮಲ್ಲಿನಾಥನನ್ನು ಮಂದಿ ಕಲ್ಲು ತೂರಿ ಓಡಿಸಿದರೆಂದು ವಾರದ ಮೇಲೆ ಗೊತ್ತಾಯಿತು. ಆಗ ಬಾಯಿ ಬಿಟ್ಟಿದ್ದರೆ ಅಪ್ಪನ ಪೂಜೆ ಹೋಗುತ್ತಿತ್ತು. ಬಿಡಲಿಲ್ಲ. ಆಮೇಲೆ ಬಿಡದೇ ಇರುವುದೇ ರೂಢಿಯಾಯಿತು.

ನೀನು ಕಾರಣ ಕೇಳಿದ್ದೆ. ಬರೆದಿದ್ದೇನೆ.

ರಾಚವ್ವ

*

ಮಮದಾಪುರ
೨೪ ಡಿಸೆಂಬರ್ ೨೦೨೪

ತಂಗಿ ಮೃಣಾಲ,

ಪತ್ರವನ್ನು ನಿನ್ನ ಕೈಗೇ ಕೊಟ್ಟಿದ್ದೇನೆ ಎಂದು ಜಾವೀದ ಆಣೆ ಮಾಡುತ್ತಾನೆ. ಬೈಯುವುದಿದ್ದರೆ ಬೈದು ಬರೆ. ನಿನ್ನ ಬೈಗಳು ತಡೆಯಬಲ್ಲೆ, ಈ ಸುಮ್ಮನಿರುವಿಕೆ ತಡೆಯಲಾರೆ.

ರಾಚವ್ವ

*

ವಿಜಯಪುರ
೬ ಜನವರಿ ೨೦೨೫

ರಾಚಕ್ಕ,

ನಿಮ್ಮ ಪತ್ರ ಡಿಸೆಂಬರ್ ಒಂದರಂದೇ ಬಂತು. ಓದಿ, ನನ್ನ ಕರಪತ್ರಗಳ ಕಟ್ಟಿನ ನಡುವೆ ಬಚ್ಚಿಟ್ಟೆ. ನುಂಗುವ ಶಕ್ತಿಯ ಬಗ್ಗೆ ಅಷ್ಟು ಜಂಬದಿಂದ ಬರೆದವಳು ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ನೀವು ಸುಳ್ಳು ಬರೆದಿರಬೇಕೆಂದು ಬಯಸಿದೆ. ನಿಮ್ಮ ಮೇಲೆ ಸಿಟ್ಟು ಬಂತು. ನೀವು ಯಾಕೆ ಓಡಿದಿರಿ ಎಂದಲ್ಲ, ಯಾಕೆ ಹೇಳಿದಿರಿ ಎಂದು.

ಕೊನೆಗೆ ನಮ್ಮ ಬಳಗದ ಅಧ್ಯಕ್ಷರಾದ ವಿಕ್ರಮ ಸರ್ ಅವರಿಗೆ ಹೇಳಿದೆ. ಕಾಲೇಜಿನಲ್ಲಿ ಪಾಠ ಹೇಳುವವರು, ಸಿದ್ದರಾಯ ಸರ್ ಗೆದ್ದ ಒಂದೊಂದು ರೇಸಿನ ದಿನಾಂಕ ಬಾಯಿಪಾಠ ಇಟ್ಟುಕೊಂಡವರು. ಅವರು "ಮೃಣಾಲ, ಪುಸ್ತಿಕೆ ಛಾಪಿಗೆ ಹೊಂಟದ. ಮಲ್ಲಿನಾಥನ ಮಾತು ತಗದು, ಗೆದ್ದದ್ದಷ್ಟ ಇಡ್ತೀನಿ. ಸತ್ತಾವನ್ನ ಸೋಲಿಸಿ ನಮಗೇನು ಸಿಗ್ತದ?" ಎಂದರು. ನನಗೆ ಹಗುರೆನಿಸಿತು. ಹಗುರೆನಿಸಿದ್ದಕ್ಕೇ ನಾಚಿಕೆಯಾಯಿತು.

ನಿನ್ನೆ ನಿಮ್ಮನ್ನು ಕೇಳದೆ ಒಂದು ತಪ್ಪು ಮಾಡಿದ್ದೇನೆ. ನಿಮ್ಮ ಪತ್ರ ತೆಗೆದುಕೊಂಡು ಬಿಜ್ಜರಗಿಗೆ ಹೋದೆ. ಮಲ್ಲಿನಾಥ ಕೆಟ್ಟ ಮನುಷ್ಯನಾಗಿರಲಿ ಎಂದು ಬಸ್ಸಿನುದ್ದಕ್ಕೂ ಬೇಡಿಕೊಂಡೆ. ಕೆಟ್ಟವನಾಗಿದ್ದರೆ ಎಲ್ಲ ಸುಲಭವಿತ್ತು.

ಅವರು ದ್ರಾಕ್ಷಿ ತೋಟದಲ್ಲಿ ಗೊಂಚಲಿನ ಸಣ್ಣ ಕಾಯಿ ಕತ್ತರಿಸುತ್ತಿದ್ದರು. ನಾನು ಸಿದ್ದರಾಯ ಸರ್ ಅವರ ಕಡೆಯವಳು ಎಂದೆ.

"ಸಿದ್ದ್ಯಾ ಸತ್ತ ಮ್ಯಾಲೂ ನನ್ನ ಕಡೆ ಮಂದೀನ್ನ ಕಳಸಾಕತ್ತಾನಲ್ಲ!" ಎಂದು ಮಗಳು ಆರತಿಗೆ ಚಹಾ ಇಡಲು ಹೇಳಿದರು.

ನಿಮ್ಮ ಪತ್ರ ಓದಿದೆ. ಕತ್ತರಿ ನಿಂತಿತು. ಓದಿ ಮುಗಿಸಿದ ಮೇಲೆ ಅವರು ಕೇಳಿದ ಮೊದಲ ಮಾತು ನನಗೆ ಅರ್ಥವೇ ಆಗಲಿಲ್ಲ. "ತಟ್ಟಿ ಹಿಡಕೊಂಡು ಓಡಿ ಬಂದ್ಲಾ? ಅಷ್ಟ ದೂರ?"

"ಹೌದ್ರಿ."

"ಭಂಡಾರ ಅವನ ಕಿಸೇದಾಗ ಇರಲಿಲ್ಲಾ?"

ಇಲ್ಲವೆಂದೆ. ಅವರು ಬಳ್ಳಿಯ ಕಂಬ ಹಿಡಿದು ನಕ್ಕರು. ನಗು ಕೆಮ್ಮಾಗಿ, ಕಣ್ಣೊರೆಸಿಕೊಂಡರು. "ಇಪ್ಪತ್ತೆರಡ ವರ್ಷ ನಾ ಏನ್ ತಿಳಕೊಂಡಿದ್ದೆ ಗೊತ್ತೇನವ್ವಾ? ಮನಿಯಿಂದನ ಕಿಸೇದಾಗ ಭಂಡಾರ ಹಾಕ್ಕೊಂಡು ಬಂದಾನ, ಮೊದಲ ಮೋಸ ಮಾಡೂ ಇರಾದಿ ಇತ್ತು ಅಂತ. ಅವತ್ತ ಮುಂಜಾನಿ ನನ್ನ ಜೋಡಿ ಒಂದ ಬಟ್ಟಲದಾಗ ಚಹಾ ಕುಡದಾನ. ಚಹಾ ಕುಡಿಯೂವಾಗ ಕಿಸೇದಾಗ ಭಂಡಾರ ಇತ್ತು ಅಂತ ತಿಳಕೊಂಡ ಅವನ ಮಾರಿ ನೋಡಲಿಲ್ಲ. ಮೂರ ಸರ್ತಿ ಈ ತೋಟದ ತನಕ ಬಂದು ರಸ್ತಾದಾಗ ನಿಂತು ಹೋದ. ನಾ ಬಳ್ಳಿ ಹಿಂದ ಅಡಗಿ ಕೂತೆ."

ರಾಚಕ್ಕ, ಸತ್ಯ ಹೇಳಿದರೆ ಸರ್ ಸಣ್ಣವರಾಗುತ್ತಾರೆ ಎಂದು ನಾನು ಹೆದರಿದ್ದೆ. ಆ ಮನುಷ್ಯನ ಎದುರು ಅವರು ನಿನ್ನೆ ಸ್ವಲ್ಪ ದೊಡ್ಡವರಾದರು.

ಆ ರೇಸಿನಲ್ಲಿ ಗೆದ್ದವರಿಗೆ ಕೊಟ್ಟ ಕಪ್ ಬೇಕೇ ಎಂದು ಕೇಳಿದೆ. ಬೇಡವಂತೆ. ಬೇಕಾದದ್ದು ಒಂದೇ. "ನಮ್ಮವ್ವ ಇನ್ನೂ ಅದಾಳ. ದೇವರಿಗೇ ಸುಳ್ಳ ಅಂದಾವನ ಅವ್ವ ಅಂತ ಮಂದಿ ಅಂದ್ರು. ಅವತ್ತಿನಿಂದ ಆಕಿ ಬೀರಪ್ಪನ ಗುಡಿ ಮೆಟ್ಲಾ ಹತ್ತಿಲ್ಲ. ಆ ಹುಡುಗಿ, ಈಗ ಹುಡುಗಿ ಅಲ್ಲ ಬಿಡು, ಬಬಲೇಶ್ವರದಾಗ ಮಂದಿ ಮುಂದ ತನ್ನ ಬಾಯಲೆ ಹೇಳ್ಲಿ. ಅವ್ವ ಕೇಳಬೇಕು."

ಹೇಳಲೇಬೇಕೆಂದು ನಾನು ಬರೆಯುವುದಿಲ್ಲ. ಅಂಥ ಪತ್ರ ನಿಮಗೆ ಒಮ್ಮೆ ಬರೆದಾಗಿದೆ. ಸಾಕು.

ಮೃಣಾಲ

*

ಮಮದಾಪುರ
೧೬ ಜನವರಿ ೨೦೨೫

ತಂಗಿ ಮೃಣಾಲ,

ಸಂಕ್ರಾಂತಿಯ ಎಳ್ಳು ಬೆಲ್ಲ ಜಾವೀದನ ಕೈಯಲ್ಲಿ ಕಳಿಸಿದ್ದೇನೆ. ಅರ್ಧ ಅವನೇ ತಿಂದಿರುತ್ತಾನೆ.

ಮಲ್ಲಿನಾಥನಿಗೆ ತಾಯಿ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಎಣಿಸಿದ್ದು ಒಬ್ಬನಿಗೆ ಆದ ಅನ್ಯಾಯ. ಮನೆಯಲ್ಲಿ ಇನ್ನೊಬ್ಬಳು ಕೂತಿದ್ದಳು.

ಈಗ ಗುಡಿಯ ಪೂಜೆ ನನ್ನ ಅಣ್ಣ ಮಾಳು ಮಾಡುತ್ತಾನೆ. ಅವನಿಗೆ ಹೇಳಿದೆ. "ಹುಚ್ಚ್ ಹಿಡದೈತೇನ ನಿನಗ? ಮಂದಿ ಮುಂದ ಹೇಳಿದ್ರ ನಾಳೆ ನಮ್ಮ ಕೈಯಾಗಿನ ಭಂಡಾರ ಯಾರು ಹಚ್ಚಿಸ್ಕೋತಾರ?" ಎಂದು ಊಟ ಬಿಟ್ಟು ಎದ್ದ.  ಮೂರನೆಯ ದಿನ ಅಂಗನವಾಡಿಯ ಬಾಗಿಲಿಗೆ ಬಂದು ನಿಂತ. "ಅಪ್ಪಗ ಗೊತ್ತಿತ್ತೇನ?" ಎಂದ. ಇಲ್ಲವೆಂದೆ. "ಹಂಗಾದ್ರ ಹೋಗ್ ಹೇಳು. ಗೊತ್ತಿದ್ದು ಹಚ್ಚಾಕ ನನ್ನ ಕೈ ಏಳವಲ್ದು" ಎಂದು ತಿರುಗಿಯೂ ನೋಡದೆ ಹೋದ.

ಬರುತ್ತೇನೆ. ಹೇಳಿದ ಕೂಡಲೇ ಕೆರೆಯ ದಂಡೆಗೆ ಹೋಗಲು ಒಂದು ಜೀಪ್ ಇಡು. ಈ ಸಲವೂ ತಟ್ಟೆ ನಾನೇ ಹಿಡಿಯುತ್ತೇನೆ, ನಿಮ್ಮ ಜನ ಬೇಡವೆನ್ನದಿದ್ದರೆ. ಹೆದರಿಕೆ ಇದೆ. ಇಲ್ಲವೆಂದರೆ ನೀನು ನಂಬುವುದಿಲ್ಲ.

ರಾಚವ್ವ

*

ವಿಜಯಪುರ
೫ ಫೆಬ್ರುವರಿ ೨೦೨೫

ರಾಚಕ್ಕ,

ನೀವು ಮೈಕಿನ ಮುಂದೆ ನಿಂತದ್ದು ನಾಲ್ಕು ನಿಮಿಷವೂ ಇಲ್ಲ. ಮುಗಿಸಿ, ಯಾರ ಮುಖವನ್ನೂ ನೋಡದೆ ಜೀಪ್ ಹತ್ತಿದಿರಿ. ಅದರ ನಂತರದ್ದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

 ಜೀಪ್ ಹೊರಟ ಕೂಡಲೇ ಗದ್ದಲವೆದ್ದಿತು. "ಸತ್ತಾವನ ಹೆಸರಿಗೆ ಮಸಿ ಬಳ್ಯಾಕ ಕರದ್ರೇನ ನಮ್ಮನ್ನ?" ಎಂದು ಹೊನವಾಡದವರು ಕೂಗಿದರು. ಹತ್ತಿಪ್ಪತ್ತು ಜನ ಹೊರಟೇ ಹೋದರು. ಪುಸ್ತಿಕೆಯಲ್ಲಿ ಸೇರದ ೨೦೦೨ರ ನಿಜವನ್ನು ನಾನು ಒಂದೇ ಹಾಳೆಯಾಗಿ ಬೇರೆ ಅಚ್ಚು ಹಾಕಿಸಿದ್ದೆ. ಪ್ರೆಸ್ಸಿನ ಮಹಮ್ಮದ ಚಾಚಾ ಓದಿ ನೋಡಿ, "ಏನ್ ಬೇಟಿ, ಈ ಸರ್ತಿ ಧಿಕ್ಕಾರ ಒಂದೂ ಇಲ್ಲಲ್ಲ?" ಎಂದು ಕೇಳಿದ್ದರು. ಆ ಹಾಳೆಯನ್ನು ಕೆಲವರು ನನ್ನ ಎದುರಿಗೇ ಹರಿದರು. ವಿಕ್ರಮ ಸರ್ ಒಂದು ಹಾಳೆ ತೆಗೆದುಕೊಂಡು, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು. 

ಆಗ ಮಲ್ಲಿನಾಥ ಅವರು ಮೈಕ್ ಕೇಳಿದರು. ಅವರು ಹೇಳಿದ್ದನ್ನು ನಾನು ನಿಂತಲ್ಲೇ ಬರೆದುಕೊಂಡೆ:

"ಆರು ವರ್ಷ ನಾ ಸಿದ್ದ್ಯಾನ ಬೆನ್ನು ನೋಡ್ಕೋತ ಸೈಕಲ್ ಹೊಡದೀನ್ರಿ. ನೀವೆಲ್ಲಾ ರಸ್ತಾ ಬಾಜೂಕ ನಿಂತು ಕಣ್ಣ ಮುಚ್ಚಿ ತಗಿಯೂದ್ರಾಗ ನೋಡೀರಿ. ನಾ ತಾಸಗಟ್ಟಲೆ ನೋಡೀನಿ. ಏರ ಬಂದ್ರ ಅವನ ಹೆಗಲ ಅಳ್ಳಾಡತಿರಲಿಲ್ಲ. ಎದರ ಗಾಳಿ ಬಂದ್ರ ಹಿಂದ ಹೊಳ್ಳಿ 'ಮಲ್ಲ್ಯಾ, ನನ್ನ ಬೆನ್ನ ಮರಿಗೆ ಬಾರಲೇ' ಅಂತಿದ್ದ. ರೇಸಿನ್ಯಾಗ ಯಾವನರ ಹಂಗ ಅಂತಾನೇನ್ರಿ? ಅವತ್ತ ಒಂದ ದಿನ ಅವಾ ಸೋತಿದ್ದ. ಅವತ್ತಿಂದು ನಂದು, ನನಗ ಕೊಡ್ರಿ. ಉಳದದ್ದೆಲ್ಲಾ ಅವಂದ. ಅದರಾಗ ಒಂದೂ ಕಸಗೊಳ್ಳಾಕ ನಾ ಬಂದಿಲ್ಲ."

ಹೋದವರಲ್ಲಿ ಕೆಲವರು ತಿರುಗಿ ಬಂದರು. ಎಲ್ಲರೂ ಅಲ್ಲ. ರೇಸ್ ಅರ್ಧ ಗಂಟೆ ತಡವಾಗಿ ಶುರುವಾಯಿತು. ತಿರುಗಿ ಬಂದ ಸವಾರರ ಹಣೆಯನ್ನು ಜನ ಹತ್ತಿರ ಹೋಗಿ, ಕಣ್ಣರಳಿಸಿ ನೋಡಿದರು. ನಿಮ್ಮ ಕೈಯ ಭಂಡಾರವನ್ನು ಯಾರೂ ಅಳಿಸಿಕೊಂಡಿರಲಿಲ್ಲ. ಮಾಳು ಅಣ್ಣನಿಗೆ ಇದನ್ನು ಹೇಳಿ.

ಇನ್ನು ಮಲ್ಲಿನಾಥರ ಅವ್ವ. ಮುಂದಿನ ಸಾಲಿನ ಖುರ್ಚಿಯಲ್ಲಿ ಆರತಿಯ ಪಕ್ಕ ಕೂತಿದ್ದರು. ಕಿವಿ ಮಂದ. ನೀವು ಹೇಳಿದ ಒಂದೊಂದು ಮಾತನ್ನೂ ಆರತಿ ಅವರ ಕಿವಿಯಲ್ಲಿ ಮತ್ತೆ ಹೇಳುತ್ತಿದ್ದಳು. ಮುಖದಲ್ಲಿ ಏನೂ ಕಾಣಲಿಲ್ಲ.  ಜನ ಚದುರಿದ ಮೇಲೆ ಹತ್ತಿರ ಹೋಗಿ ಕೂತೆ.

"ಆ ಹೆಣಮಗಳು ಎಲ್ಲಿ ಹೋದ್ಲು?" ಎಂದು ಕೇಳಿದರು.

"ಮಮದಾಪುರಕ್ಕ ಹೋಗ್ಯಾರ್ರಿ ಆಯಿ. ಕೆರಿ ದಂಡಿ ಮ್ಯಾಲ ಭಂಡಾರ ಹಚ್ಚಾಕ."

"ಹೇಳಿ ಓಡಿ ಹೋದ್ಲೇನು? ಓಡೂ ಚಟಾ ಇನ್ನಾ ಬಿಟ್ಟಿಲ್ಲ ನೋಡ ಆಕೀದು" ಎಂದರು. ಆರತಿಗೆ ನಗು ಬಂತು, ನನಗೂ. ಅವರು ನಗಲಿಲ್ಲ. ಸೆರಗು ಸರಿಮಾಡಿಕೊಂಡು, "ಇಪ್ಪತ್ತೆರಡ ವರ್ಷ ಆತು. ನನ್ನ ಹಣಿಗೆ ಬೀರಪ್ಪಂದು ಹತ್ತಿಲ್ಲ. ಆಕಿ ಕೈಯಲೇ ಹಚ್ಚಿಸ್ಕೋತೀನಿ ಅನ್ನು. ನಾನ ಬರ್ತೀನಿ. ಮೆಟ್ಲಾ ಎಷ್ಟ ಅದಾವು, ಮರತ ಹೋಗೇತಿ?" ಎಂದರು.

ನನಗೆ ಗೊತ್ತಿರಲಿಲ್ಲ. ಎಷ್ಟಿದ್ದರೂ ಹತ್ತಿಸುತ್ತೇವೆ ಎಂದೆ.

ಈ ರವಿವಾರ ಮುಂಜಾನೆಯ ಬಸ್ಸಿಗೆ ಬರುತ್ತಿದ್ದೇವೆ. ಆಯಿ, ಮಲ್ಲಿನಾಥ ಅವರು, ಆರತಿ, ನಾನು. ನೀವು ಎದುರಿಗೆ ಓಡಿ ಬರಬೇಡಿ. ಗುಡಿಯಲ್ಲೇ ನಿಂತಿರಿ. ಅಲ್ಲಿಯವರೆಗೆ ಅವರೇ ನಡೆದು ಬರುತ್ತಾರೆ.

ನಿಮ್ಮ
ಮೃಣಾಲ